ಹಸಿ ಎರೆಯ ಮೇಲೆ ಒಂದು ನಿಮಿಷ

ನನ್ನ ಅಕ್ಕನನ್ನು ಕೊಟ್ಟಿರುವುದು ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ. ಅಲ್ಲಿ ಮುಖಂಡರೊಬ್ಬರ ಹುಟ್ಟುಹಬ್ಬದ ನಿಮಿತ್ತ ತೆರಬಂಡಿ ಸ್ಪರ್ಧೆ ಇಟ್ಟಾಗ, ಗಡಿಯಾರ ಹಿಡಿಯುವ ಕೆಲಸಕ್ಕೆ ಬೈಲಹೊಂಗಲದಿಂದ ನನ್ನನ್ನು ಕರೆಸಿದರು. ನಾನು ಬೈಲಹೊಂಗಲದಲ್ಲಿ ಪತ್ರಿಕೆಯೊಂದರ ವರದಿಗಾರ. ಪತ್ರಿಕೆಯವರು ಯಾರ ಪಕ್ಷವೂ ಅಲ್ಲ ಎಂಬ ನಂಬಿಕೆ ಕೆಲವು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಪಟ್ಟಣದಲ್ಲಿ ಅದು ಹೋಗಿ ಬಹಳ ದಿನವಾಯಿತು.

ತೆರಬಂಡಿ ನೋಡದವರಿಗೆ ಎರಡು ಮಾತು. ಬಂಡಿಯ ಗಾಲಿಗಳನ್ನು ತಿರುಗದಂತೆ ಬಿಗಿದು ಕಟ್ಟಿ, ಮೇಲೆ ಕಲ್ಲು ಹೇರಿ, ಜೋಡೆತ್ತು ಹೂಡಿ ನೆಲದ ಮೇಲೆ ಎಳೆಸುತ್ತಾರೆ. ಆ ಊರಿನ ಲೆಕ್ಕದಲ್ಲಿ ಒಂದು ನಿಮಿಷದೊಳಗೆ ಹೆಚ್ಚು ದೂರ ಎಳೆದ ಜೋಡಿಗೆ ಕಪ್. ಮನುಷ್ಯ ಗಾಲಿ ಕಂಡುಹಿಡಿದು, ಆಮೇಲೆ ಅದನ್ನು ಕಟ್ಟಿಹಾಕಿ ಸಂತೋಷಪಡುವ ಆಟ ಇದೊಂದೇ ಇರಬೇಕು.

ಅಕ್ಕನಿಗೆ ಮಾತ್ರ ಅದು ಆಟವಾಗಿರಲಿಲ್ಲ. ಆಕೆಯ ಗಂಡ, ನಾನು ಮಾಮಾ ಎಂದು ಕರೆಯುವವರು, ಹೊಸ ಟ್ರ್ಯಾಕ್ಟರ್ ಕೊಳ್ಳಲು ಗೊತ್ತು ಮಾಡಿ ಬಂದಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾಕೆ ಎನ್ನುವುದು ಅವರ ವಾದ. ಎರಡೂ ಎತ್ತುಗಳನ್ನು ಕರುಗಳಾಗಿದ್ದಾಗಿನಿಂದ ಮೇಯಿಸಿ, ಮೈ ತೊಳೆದು, ಬೈದು ಬೆಳೆಸಿದವಳು ಅಕ್ಕ. ಮನೆಯಲ್ಲಿ ಇದೇ ಜಗಳ ನಡೆದು ನಡೆದು, ಕೊನೆಗೆ ಮಾಮಾ ಚಹಾದಂಗಡಿಯ ಮುಂದೆ ಹತ್ತು ಜನರ ಎದುರು ಹೇಳಿಬಿಟ್ಟಿದ್ದರು:

“ಮೊದಲನೇ ನಂಬರ್ ಎತ್ತು ಅಂತ ಅನಿಸಿಕೊಂಡ್ರ ಸಾಯೂತನಾ ನಮ್ಮ ದನದ ಗ್ವಾದಲಿಯೊಳಗ ಇರಲಿ. ಇಲ್ಲಂದ್ರ ಮುಂದಿನ ಸಂತಿಗೆ ಹೊಡಕೊಂಡು ಹೋಗಾಂವ.”

“ಮಂದಿ ಮುಂದ ಅಂದೀರಿ, ನೆನಪಿರಲಿ” ಎಂದಿದ್ದಳು ಅಕ್ಕ.

ಸ್ಪರ್ಧೆಯ ದಿನ ಮೈಕು ಹಿಡಿದವರು ಪ್ರೌಢಶಾಲೆಯ ವಿಜ್ಞಾನ ಮಾಸ್ತರರು. ಅವರ ಕಂಠ ದೊಡ್ಡದು, ಅರ್ಹತೆಯೂ ಅದೇ. ಒಂಬತ್ತನೇ ತರಗತಿಯ ಮಕ್ಕಳನ್ನೂ ಕರೆತಂದು ಹಗ್ಗದ ಪಕ್ಕ ಕೂರಿಸಿದ್ದರು. ಚಲನೆಯ ಪಾಠ ಕಣ್ಣೆದುರೇ ಆಗಿಬಿಡಲಿ ಎಂಬುದು ಅವರ ಯೋಜನೆ.

“ದೂರಾನ ಕಾಲದಿಂದ ಭಾಗಿಸಿದ್ರ ಏನ ಬರತೈತಿ?”

“ಜವ, ಸರ್!”

“ಜವಕ್ಕ ದಿಕ್ಕು ಕೂಡಿಸಿದ್ರ?”

“ವೇಗ, ಸರ್!”

ಕಿತ್ತೂರು ಕಡೆಯ ಒಂದು ಜೋಡಿ ಅಬ್ಬರದಿಂದ ಹೊರಟು, ಅಡ್ಡ ತಿರುಗಿ, ಜನರ ಮೇಲೆ ನುಗ್ಗಿತು. ಹೆಂಗಸರು ಕೊಡೆ ಬಿಟ್ಟು ಓಡಿದರು. ಮಾಸ್ತರರು ಉತ್ಸಾಹ ಬಿಡಲಿಲ್ಲ. “ನೋಡ್ರಿ ಮಕ್ಕಳ, ಜವ ಭರ್ಜರಿ ಐತಿ, ದಿಕ್ಕು ತಪ್ಪೇತಿ!” ವೇದಿಕೆಯ ಮೇಲಿದ್ದ ಕೆಲವರ ಸಾರ್ವಜನಿಕ ಜೀವನಕ್ಕೂ ಅದೇ ಮಾತು ಸಾಕಾಗುತ್ತಿತ್ತು.

ಆದರೂ ಪಾಠ ಕೆಟ್ಟದಾಗಿರಲಿಲ್ಲ. ನಿಂತ ಬಂಡಿ ನಿಂತೇ ಇರಲು ಬಯಸುತ್ತದೆ, ಅದು ಜಡತ್ವ ಎಂದರು. ಅದನ್ನು ಕದಲಿಸಲು ಹೆಚ್ಚು ಬಲ ಬೇಕು, ಕದಲಿದ ಮೇಲೆ ವೇಗ ಏರುತ್ತ ಹೋಗುವುದು ವೇಗೋತ್ಕರ್ಷ ಎಂದರು. ಎತ್ತು ಮೇವಿನಿಂದ ಪಡೆದ ಶಕ್ತಿ ಬಂಡಿಯ ಚಲನಶಕ್ತಿಯಾಗುತ್ತದೆ, ಉಳಿದದ್ದು ನೆಲದ ಘರ್ಷಣೆಯಲ್ಲಿ ಬಿಸಿಯಾಗಿ ಹೋಗುತ್ತದೆ ಎಂದರು. ಮಕ್ಕಳು ಬರೆದುಕೊಂಡರು. ನಾನು ಮೊಬೈಲಿನ ಗಡಿಯಾರ ಒತ್ತುತ್ತ, ನಿಲ್ಲಿಸುತ್ತ ಇದ್ದೆ. ಸವದತ್ತಿ ಕಡೆಯ ರೈತನೊಬ್ಬನ ಜೋಡಿ ಎಲ್ಲರಿಗಿಂತ ಮುಂದೆ ಹೋಗಿ, ಅದರ ಗುರುತಿಗೆ ಕೆಂಪು ಬಾವುಟ ನೆಟ್ಟಾಯಿತು. ಚೀಟಿ ಎತ್ತಿದ ಪ್ರಕಾರ ಉಳಿದಿದ್ದು ಅಕ್ಕನ ಜೋಡಿ ಒಂದೇ.

ಆಗ ಮುಖಂಡರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಹಿಂದೆ ಬಂದ ವಾಹನಗಳ ಧೂಳು ಅವರಿಗಿಂತ ಮೊದಲೇ ವೇದಿಕೆ ಹತ್ತಿತು. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ಅಷ್ಟೇ. ಯಾರಿಗೂ ಏನೂ ಹೇಳಲಿಲ್ಲ. ಆದರೆ ಸ್ಪರ್ಧಾ ಸಮಿತಿಯ ಅಧ್ಯಕ್ಷರು ಕೈ ಎತ್ತಿದರು, ಪಂಚಾಯಿತಿಯ ನೀರಿನ ಟ್ಯಾಂಕರ್ ಕಣಕ್ಕೆ ಇಳಿಯಿತು. ಮೇಲಿನ ಓಣಿಯವರು ಕೊಡ ಇಟ್ಟುಕೊಂಡು ದಾರಿ ಕಾಯುವ ಟ್ಯಾಂಕರ್ ಅದು. ಅವರಿಗೂ ಅಂದು ಅದರ ದರ್ಶನವಾಯಿತು.

ಬಂಡಿ ಎಳೆಯುವ ಪಟ್ಟಿಯ ಉದ್ದಕ್ಕೂ ನೀರು ಬಿತ್ತು. ನೆಲ ಕಪ್ಪು ಎರೆ. ನಮ್ಮ ಕಡೆಯ ಯಾರನ್ನಾದರೂ ಕೇಳಿ: ಒಣಗಿದ್ದಾಗ ಕಲ್ಲು, ನೆನೆದರೆ ಅಂಟು. ಚಪ್ಪಲಿಯನ್ನೇ ಹಿಡಿದು ಬಿಡದ ಮಣ್ಣು ಅದು.

ಎತ್ತು ಹೊಡೆಯುವವರು ಮಾಮಾನೇ. ಮಾರಬೇಕೆಂದಿದ್ದರೂ ಕಣಕ್ಕಿಳಿದ ಮೇಲೆ ಅವರು ಮೈಗಳ್ಳತನ ಮಾಡಲಿಲ್ಲ. ಜೀವ ಬಿಟ್ಟು ಕೂಗಿದರು. ನಾನು ಗಡಿಯಾರ ಒತ್ತಿದೆ. ಬಂಡಿ ಕದಲಿತು, ಎರಡು ಮಾರು ಸರಿದು ಹುಗಿಯಿತು. ಕಟ್ಟಿದ ಗಾಲಿಗಳ ಮುಂದೆ ಕೆಸರು ಗುಡ್ಡೆಯಾಗಿ ನಿಂತಿತು. ಗಾಲಿಗೆ ಅಂಟಾದ ನೆಲ ಗೊರಸಿಗೆ ಮಾತ್ರ ಜಾರುತ್ತಿತ್ತು. ಬಲಗಡೆಯ ಎತ್ತು ಮಂಡಿಯೂರಿತು, ಎದ್ದಿತು, ಮತ್ತೆ ಎಳೆಯಿತು.

“ಗಮನಿಸ್ರಿ ಮಕ್ಕಳ,” ಮೈಕು ಕೂಗಿತು, “ಎಷ್ಟೇ ಜಗ್ಗಿದ್ರೂ ವಸ್ತು ಜಾಗಾ ಬಿಟ್ಟು ಸರೀಲಿಲ್ಲಂದ್ರ ಭೌತಶಾಸ್ತ್ರದ ಪ್ರಕಾರ ಆದ ಕೆಲಸ ಸೊನ್ನೆ!”

“ಹಂಗಾರ ಸಾಹೇಬ್ರು ಐದ ವರ್ಷ ಜಗ್ಗಿದ್ದರ ಲೆಕ್ಕ ಎಷ್ಟ್ ಬರತೈತ್ರಿ ಮಾಸ್ತರ?” ಎಂದು ಗುಂಪಿನ ಹಿಂದಿನಿಂದ ಯಾರೋ ಕೇಳಿದರು. ಜನ ನಕ್ಕರು. ಮುಖಂಡರೂ ನಕ್ಕರು, ಪ್ರಶ್ನೆ ಕೇಳಿಸಿರಲಿಲ್ಲ.

ಎತ್ತುಗಳು ಬಂಡಿಯನ್ನು ಕೆಸರಿನಿಂದ ಕಿತ್ತು ಮತ್ತೆ ಮುಂದೆ ತಂದವು. ನಿಮಿಷ ಮುಗಿದಾಗ ಕೆಂಪು ಬಾವುಟಕ್ಕೆ ನಾಲ್ಕು ಹೆಜ್ಜೆ ಕಡಿಮೆ ಬಿತ್ತು. ಎರಡನೇ ಸ್ಥಾನ.

ಅಕ್ಕ ಹಗ್ಗ ದಾಟಿ ಸೀದಾ ವೇದಿಕೆಯ ಮುಂದೆ ಬಂದಳು. “ಅಧ್ಯಕ್ಷರ, ಎಲ್ಲಾರೂ ಒಣಾ ನೆಲದಾಗ ಜಗ್ಗ್ಯಾರ. ನಮ್ಮವೊಂದು ಕೆಸರಿನ್ಯಾಗ. ಬಾಜೂಕ ಒಣಾ ಜಾಗಾ ಐತಿ, ಅಲ್ಲೆ ಇನ್ನೊಮ್ಮೆ ಬಿಡ್ರಿ.”

ಅಧ್ಯಕ್ಷರು ಮೊದಲು ಮುಖಂಡರ ಮುಖ ನೋಡಿದರು, ಆಮೇಲೆ ಮಾಸ್ತರರದ್ದು. “ಸೈನ್ಸ್ ಏನಂತೈತ್ರಿ ಸರ್?”

ಮಾಸ್ತರರು ಒಂದು ಕ್ಷಣ ತಡೆದರು. ಆ ಕ್ಷಣದಲ್ಲಿ ಅವರಿಗೆ ಬಹುಶಃ ತಮ್ಮ ಹೊಲ ನೆನಪಾಗಿರಬೇಕು; ಅವರದೂ ಎರೆಹೊಲವೇ. ಆದರೆ ಟ್ಯಾಂಕರ್ ಕೂಡ ಕಣ್ಣೆದುರೇ ನಿಂತಿತ್ತು. “ನೀರು ಘರ್ಷಣೆ ಕಡಿಮಿ ಮಾಡತೈತ್ರಿ” ಎಂದರು. “ಹಸಿ ಫರಶಿ ಕಲ್ಲಿನ ಮ್ಯಾಲೆ ನಾವು ಜಾರಂಗಿಲ್ಲೇನು? ಸಿದ್ಧಾಂತದ ಪ್ರಕಾರ ನೋಡಿದ್ರ ಈ ಜೋಡಿಗೆ ಅನುಕೂಲನ ಆಗೇತಿ.”

ವೇದಿಕೆಯ ಮೇಲಿದ್ದವರೆಲ್ಲ ಒಕ್ಕಲುತನದವರು. ಹೋದ ಮಳೆಗಾಲದಲ್ಲಿ ಅವರ ಬಂಡಿಗಳೂ ಹುಗಿದಿವೆ, ಟ್ರ್ಯಾಕ್ಟರ್‌ಗಳೂ ಹುಗಿದಿವೆ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಒಂದು ಟ್ಯಾಂಕರ್ ನೀರಿನಲ್ಲಿ ಇಡೀ ಊರು ವಿಜ್ಞಾನ ಕಲಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇನ್ನೊಮ್ಮೆ ಎಳೆಸುವುದು ನ್ಯಾಯ ಎಂದು ನಾನು ಹೇಳಿದೆ. ಅಧ್ಯಕ್ಷರು ಪ್ರೀತಿಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. “ನೀವು ಆಕಿ ತಮ್ಮ ಅದೀರಿ. ನಿಮ್ಮ ಮಾತು ಹೆಂಗ ನಡೀಬೇಕು?” ಗಡಿಯಾರ ಹಿಡಿಯುವಾಗ ನಾನು ನಿಷ್ಪಕ್ಷಪಾತಿ, ಬಾಯಿ ಬಿಟ್ಟರೆ ಬೀಗ.

ಕೊನೆಗೆ ಮಾಮಾರನ್ನೇ ಕೇಳಿದರು, ನೀರಿನಿಂದ ತ್ರಾಸ ಆಯಿತೇ ಎಂದು. ಮೊಣಕಾಲಿನತನಕ ಕೆಸರು ಮೆತ್ತಿಕೊಂಡಿದ್ದ ಮಾಮಾ ಮುಖಂಡರಿಗೆ ಕೈಮುಗಿದು ಹೇಳಿದರು: “ಛೇ ಛೇ, ಏನ ತ್ರಾಸಿಲ್ರಿ ಸಾಹೇಬ್ರ. ತಂಪಾತ್ರಿ.”

ಅಕ್ಕ ಗಂಡನ ಮುಖವನ್ನೂ ಕಾಲನ್ನೂ ಒಮ್ಮೆ ನೋಡಿ ಎತ್ತುಗಳ ಕಡೆ ನಡೆದಳು.

ಕಪ್ ಕೊಟ್ಟಾಯಿತು, ಕೇಕು ಕತ್ತರಿಸಿಯಾಯಿತು, ಮುಖಂಡರು ಯುವಕರಿಗೆ ಗ್ರಾಮೀಣ ಕ್ರೀಡೆ ಉಳಿಸುವಂತೆ ಕರೆ ಕೊಟ್ಟು ಹೋದರು. ಅಂದು ಸಂಜೆ ನಾನು ಕಳಿಸಿದ ವರದಿಯಲ್ಲಿ ಟ್ಯಾಂಕರ್ ಇತ್ತು, ಮರುದಿನ ಅಚ್ಚಾದದ್ದರಲ್ಲಿ ಕರೆ ಮಾತ್ರ ಇತ್ತು. ಜಾಗದ ಅಭಾವ ಎಂದರು ಕಚೇರಿಯವರು. ಅದೂ ಭೌತಶಾಸ್ತ್ರವೇ ಇರಬೇಕು.

ಅಂದು ಕಣದಲ್ಲಿ ಜನ ಕರಗುತ್ತಿದ್ದಾಗ ಗೆದ್ದ ರೈತ ಕಪ್ ಬಗಲಿಗೆ ಸಿಕ್ಕಿಸಿಕೊಂಡು ನಮ್ಮ ಕಡೆ ಬಂದ. ಸೋತ ಎತ್ತುಗಳ ಬೆನ್ನು ಸವರಿದ, ಗೊರಸು ಎತ್ತಿ ನೋಡಿದ, ಬಾಯಿ ಬಿಡಿಸಿ ಹಲ್ಲು ನೋಡಿದ.

“ಗೌಡ್ರ, ಮಾರ್ತೀರಂತ ಕೇಳೇನಿ. ನನಗ ಕೊಡ್ರಿ. ಸಂತಿಗೆ ಹೋಗೂ ತ್ರಾಸ ಬ್ಯಾಡ.”

ಮಾಮಾರ ಮುಖ ಅರಳಿತು. “ಎರಡನೇ ನಂಬರ್ ಎತ್ತು, ನೀವ ರೇಟ್ ಹೇಳ್ರಿ.”

“ಎರಡನೇ ನಂಬರ್ ರೇಟ್ ಹೇಳಿದ್ರ ದೇವರು ಮೆಚ್ಚಂಗಿಲ್ರಿ. ಹುಗದ ಬಂಡಿ ಕಿತ್ತಗೊಂಡು ಅಲ್ಲೀತನಾ ತಂದಾವ. ಒಣಾ ನೆಲದಾಗ ನನ್ನ ಎತ್ತು ಇವುಗಳ ಹಿಂದ ಉಳೀತಿದ್ವು. ಮೊದಲನೇ ನಂಬರಿಂದ ರೇಟ್ ಹಿಡೀರಿ.”

“ಹಂಗಾರ ಕಪ್ ಈ ಕಡೆ ಕೊಡ್ರಿ” ಎಂದೆ ನಾನು.

“ಕಪ್ ಹೆಂಗ ಕೊಡಾಕ ಬರತೈತ್ರಿ? ಅದನ್ನ ಸಾಹೇಬ್ರು ಕೊಟ್ಟಾರ” ಎಂದು ಆತ ಅದನ್ನು ಇನ್ನೊಂದು ಬಗಲಿಗೆ ಬದಲಾಯಿಸಿದ.

ಅಕ್ಕ ಎತ್ತಿನ ಕಾಲಿನ ಕೆಸರು ಹುಲ್ಲಿನಿಂದ ಒರೆಸುತ್ತಿದ್ದವಳು ಎದ್ದು ನಿಂತಳು.

“ಕೇಳಿಸಿತೇನ್ರಿ?” ಎಂದಳು ಗಂಡನಿಗೆ. “ಮೊದಲನೇ ನಂಬರ್ ಅಂತ ನಾ ಅಂದಿಲ್ಲ, ನನ್ನ ತಮ್ಮನೂ ಅಂದಿಲ್ಲ. ಕಪ್ ಹೊತ್ತಾಂವ ಅನ್ನಾಕ ಹತ್ತ್ಯಾನ. ಚಹಾದಂಗಡಿ ಮುಂದ ನೀವ ಏನ ಅಂದೀರಿ?”

ಚಹಾದಂಗಡಿಯವನು ಕೆಟ್ಲಿ ಹಿಡಿದು ಅಲ್ಲೇ ನಿಂತಿದ್ದ. ಅಂದು ಆ ಮಾತು ಕೇಳಿದ್ದ ನಾಲ್ಕಾರು ಜನವೂ ಅಲ್ಲೇ ಇದ್ದರು. ಅವರಿಗೆ ಈಗ ಮನೆಗೆ ಹೋಗುವ ಅವಸರವೇ ಇರಲಿಲ್ಲ.

“ಅದು… ಕಪ್ ಬಂದ್ರ ಅಂತ…” ಎಂದರು ಮಾಮಾ.

“ಕಪ್ ಅಂದಿಲ್ರಿ ಗೌಡ್ರ” ಎಂದ ಚಹಾದಂಗಡಿಯವನು. “ಮೊದಲನೇ ನಂಬರ್ ಎತ್ತು ಅನಿಸಿಕೊಂಡ್ರ ಅಂದಿದ್ರಿ.”

ಮಾಮಾ ಆತನನ್ನು ನೋಡಿದ ನೋಟಕ್ಕೆ ಕೆಟ್ಲಿಯ ಚಹಾ ಮತ್ತೊಮ್ಮೆ ಕುದಿಯಬೇಕಿತ್ತು. ವೇದಿಕೆ ಖಾಲಿಯಾಗಿತ್ತು. ತಂಪಾತು ಎನ್ನಲು ಎದುರಿಗೆ ಯಾರೂ ಇರಲಿಲ್ಲ. ಅವರು ಹಗ್ಗದ ತುದಿ ಹೊಸೆದರು. ಆಮೇಲೆ ಗೆದ್ದ ರೈತನ ಕಡೆ ತಿರುಗಿ, ಆತನೇ ಏನೋ ತಪ್ಪು ಮಾಡಿದವನಂತೆ ಗದರಿದರು: “ಕೊಡೂದಿಲ್ರಿ. ಹೋಗ್ರಿ ನೀವು.”

ಎತ್ತು ಹೊಡೆದುಕೊಂಡು ಎಲ್ಲರೂ ಮನೆ ಕಡೆ ಹೊರಟೆವು. ಮನೆ ಕಾಣತೊಡಗಿದ ಮೇಲೆ ಮಾಮಾ, ಯಜಮಾನಿಕೆ ಪೂರ್ತಿ ಹೋಗಿಲ್ಲವೆಂದು ತೋರಿಸಲೋ ಏನೋ, ಹೆಂಡತಿಗೆ ಹೇಳಿದರು:

“ಟ್ರ್ಯಾಕ್ಟರ್ ಬರೂದ ಬರೂದ. ಎತ್ತು ಬೇಕಾದ್ರ ಇಟ್ಕೊ. ಆದ್ರ ಮೇವು, ನೀರು, ಸಗಣಿ ಎಲ್ಲಾ ನೀನ ನೋಡ್ಕೋಬೇಕು, ಮೊದಲ ಹೇಳೇನಿ.”

“ಇಲ್ಲೀತನಾ ಯಾರು ನೋಡ್ಯಾರ?” ಎಂದಳು ಅಕ್ಕ.