ಬೇವಿನ ಮರದ ಕೆಳಗಿನ ಹಸಿ ನೆಲ

ನಮ್ಮ ಸೇಡಂ, ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಕಾರ್ಖಾನೆಗಳಿಗೆ ಬರವಿಲ್ಲ. ನಾನು ಯಾವುದರಲ್ಲಿದ್ದೇನೆ ಎಂದು ಹೇಳುವುದಿಲ್ಲ. ನಿವೃತ್ತಿ ಇನ್ನೂ ದೂರವಿದೆ, ಹೆದರಿಕೆ ಮಾತ್ರ ಹತ್ತಿರವೇ ಇದೆ. ಲಾರಿ ತೂಗುವ ಕಾಂಟಾದ ಪಕ್ಕದ ಆಫೀಸಿನಲ್ಲಿ ನನ್ನ ಎದುರಿನ ಮೇಜು ಆಗ ಒಬ್ಬ ಗುಮಾಸ್ತನದು. ಚಿಂಚೋಳಿ ಕಡೆಯವ. ಉಪ್ಪಿಲ್ಲದ ಸಾರಿನಂಥ ಮನುಷ್ಯ. "ಹೂಂ" ಎಂದರೆ ಅದೇ ಆತನ ದೊಡ್ಡ ಭಾಷಣ. ನಾನು ಎಲ್ಲ ಅನಾಹುತಗಳಿಗೂ ಮುಂಚಿತವಾಗಿಯೇ ಗಾಬರಿಯಾಗಿರುವವನು. ಆದರೆ ಇಂಥವನ ಮೇಲೆ ಹೊಟ್ಟೆಕಿಚ್ಚು ಪಡಬೇಕಾದೀತೆಂದು ಮಾತ್ರ ಎಣಿಸಿರಲಿಲ್ಲ.

ನಮ್ಮ ಸೆಕ್ಷನ್ನಿನ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿ ನನಗೇ ಎಂದು ಖರೀದಿ ವಿಭಾಗದ ಸಾಹೇಬರು ಬೆನ್ನು ತಟ್ಟಿ ಹೇಳಿದ್ದರು. ಅಷ್ಟರಲ್ಲಿ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಬಂದವರು ನನ್ನ ಮೇಜು ದಾಟಿ, ಊಟದ ಹೊತ್ತಿಗೆ ಆತನ ಜೊತೆ ಕಲ್ಲಿದ್ದಲು ಯಾರ್ಡಿನ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಕೂತರು. ಬೇಸಿಗೆ ಶುರುವಾದಾಗಿನಿಂದ ಆತ ಅಲ್ಲೇ ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ ಮುರಿದು ಗುಬ್ಬಿಗಳಿಗೆ ಹಾಕುತ್ತಿದ್ದ. ನಾವೆಲ್ಲ ಫ್ಯಾನಿನ ಕೆಳಗೆ ಕೂತು ನಗುತ್ತಿದ್ದೆವು.

"ಕುರ್ಚಿ ಹೊಡಕೊಳ್ಳಿಕತ್ತಾನ ಅಂವ," ಎಂದೆ ಮನೆಯಲ್ಲಿ.

"ಯಾರು, ಗುಬ್ಬಿಗೆ ರೊಟ್ಟಿ ಹಾಕೋರಾ?" ಹೆಂಡತಿ ಚಹಾ ಸೋಸುತ್ತಲೇ ನಕ್ಕಳು. "ನೀವೂ ಹಾಕ್ರಿ. ಯಾರ್ ಬ್ಯಾಡಂದಾರ?"

ಹಾಕಲು ಹೋದೆ. ಮಾರನೆಯ ಮಧ್ಯಾಹ್ನ, ಅಧಿಕಾರಿಯ ಕಣ್ಣಿಗೆ ಬೀಳಲೆಂದು, ಡಬ್ಬಿ ಹಿಡಿದುಕೊಂಡು. ಅಧಿಕಾರಿ ಇರಲಿಲ್ಲ, ಆತನೊಬ್ಬನೇ ಇದ್ದ. ಬಂದ ತಪ್ಪಿಗೆ ಕೂತೆ.

"ಅಲ್ಲಿ ಬ್ಯಾಡ್ರಿ ಅಣ್ಣಾ, ಹಸಿ ಅದ."

ತಡವಾಗಿತ್ತು. ಪ್ಯಾಂಟಿನ ಹಿಂಭಾಗವೆಲ್ಲ ಕರಿ ಕೆಸರು. "ಇದೇನ್ರಿ! ಈ ಬಿಸಿಲಾಗ ಇಲ್ಲಿ ನೀರೆಲ್ಲಿಂದ ಬಂತು? ನಳಾನೂ ಇಲ್ಲ!"

"ನಾನೂ ಅದನ್ನೇ ನೋಡ್ಲಿಕತ್ತೀನ್ರಿ. ಗುಬ್ಬಿ ನೀರ್ ಕುಡಿಲಿಕ್ಕ ಬರ್ತಿದ್ವು, ಅದರ ಮ್ಯಾಲಿಂದ ಸಂಶಯ ಬಂತು. ತಡೀರಿ, ಈಗ ಬರ್ತದ."

ಕಲ್ಲಿದ್ದಲು ಸುರಿದ ಲಾರಿಯೊಂದು ಬಂದು ಮರದ ಆಚೆ ನಿಂತಿತು. ಕ್ಲೀನರ್ ಇಳಿದು ಲಾರಿಯಡಿ ತೂರಿ ಏನನ್ನೋ ತಿರುಗಿಸಿದ. ಭರ್ರನೆ ನೀರು. ಅದು ನಿಲ್ಲುವ ತನಕ ಅಂಗೈಯಲ್ಲಿ ತಂಬಾಕು ತಿಕ್ಕಿದ. ಆಮೇಲೆ ಲಾರಿ ಕಾಂಟಾದತ್ತ ಹೋಯಿತು. ನಾವು ಲಾರಿಯನ್ನು ಮಾಲಿನ ಸಮೇತ ಒಮ್ಮೆ, ಖಾಲಿ ಮಾಡಿ ಇನ್ನೊಮ್ಮೆ ತೂಗುತ್ತೇವೆ. ನಡುವಿನ ವ್ಯತ್ಯಾಸವೇ ಕಲ್ಲಿದ್ದಲು. ಲಾರಿಯಡಿಯ ಕಳ್ಳ ಟ್ಯಾಂಕಿನಲ್ಲಿ ನೀರು ತುಂಬಿಕೊಂಡು ಬಂದು, ಎರಡನೇ ತೂಕಕ್ಕೆ ಮುಂಚೆ ಚೆಲ್ಲಿಬಿಟ್ಟರೆ ಕಂಪನಿ ಆ ನೀರನ್ನೂ ಕಲ್ಲಿದ್ದಲೆಂದೇ ಕೊಳ್ಳುತ್ತದೆ.

"ಎಲ್ಲಾ ಒಬ್ಬ ಗುತ್ತಿಗೆದಾರನ ಲಾರಿ ಇವು," ಎಂದ ಆತ. ಇಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಅಂವನ್ನ ತಂದೋರು ನಮ್ಮ ಖರೀದಿ ಸಾಹೇಬ್ರು. ಅವರಿಗೂ ಪಾಲು ಮುಟ್ಟತದ. ಡ್ರೈವರ್ ಒಬ್ಬಾಂವ ಬಾಯಿ ಬಿಟ್ಟಾನ. ಕಣ್ಣಾರೆ ನೋಡಿದವರು ಇನ್ನೊಬ್ಬರು ಬೇಕು ಅಂತಾರ ಹೆಡ್ ಆಫೀಸಿನವರು. ನೀವು ಹೇಳ್ತೀರೇನ್ರಿ?"

ಕುರ್ಚಿ ಕೊಡುವವರೇ ಆ ಸಾಹೇಬರು. ಬಾಯಿ ಮುಚ್ಚಿಕೊಂಡರೆ ಕುರ್ಚಿ. ಬಿಟ್ಟರೆ ಇರುವ ಸ್ಟೂಲೂ ಹೋದೀತು. ಸಂಜೆ ಮನೆಗೆ ಹೋಗುವ ಬಸ್ಸು ಚಿತ್ತಾಪುರ ಮುಟ್ಟುವತನಕ ಯೋಚಿಸಿದೆ: ನೌಕರಿ, ಮಗಳ ಕಾಲೇಜು, ಗುತ್ತಿಗೆದಾರನ ದಾಂಡಿಗರು. ಆದರೆ ಇವೆಲ್ಲಕ್ಕಿಂತ ಜಾಸ್ತಿ ಉರಿದದ್ದು ಬೇರೆಯೇ. ಇಷ್ಟು ದೊಡ್ಡ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಆತ ನನ್ನೆದುರಿಗೇ ಮಂಕಾಗಿ ಕೂತಿದ್ದನಲ್ಲ! ನನಗೆ ನನ್ನ ಬಿಪಿ ಮಾತ್ರೆಯ ಸುದ್ದಿಯನ್ನೂ ಒಳಗಿಟ್ಟುಕೊಳ್ಳಲಾಗುವುದಿಲ್ಲ. ಇನ್ನು ಕಳ್ಳತನ ಹಿಡಿದ ಹೆಸರೂ ಆತನೊಬ್ಬನದೇ ಆಗಿಬಿಟ್ಟರೆ? ಧೈರ್ಯವಲ್ಲ, ಈ ಸಂಕಟವೇ ನನ್ನನ್ನು ಅಧಿಕಾರಿಯ ಎದುರು ತಂದು ನಿಲ್ಲಿಸಿತು. ನೋಡಿದ್ದನ್ನೆಲ್ಲ ಹೇಳಿದೆ, ಪ್ಯಾಂಟು ತೊಯ್ದದ್ದನ್ನೂ.

ಖರೀದಿ ಸಾಹೇಬರ ನೌಕರಿ ಹೋಯಿತು. ಆ ಲಾರಿಗಳು ನಿಂತವು. ಕುರ್ಚಿ ನನಗೇ ಬಂತು. ಆತನನ್ನು ಹೆಡ್ ಆಫೀಸಿನವರು ಬೇರೊಂದು ಕಾರ್ಖಾನೆಗೆ ಒಯ್ದರು. ಅಲ್ಲೂ ಯಾವುದೋ ಮೂಲೆಯ ಮೇಜಿನಲ್ಲಿ, ಯಾರಿಗೂ ಗೊತ್ತಾಗದಂತೆ, ಕಳ್ಳತನ ಪತ್ತೆಹಚ್ಚುವ ಇದೇ ಕೆಲಸ. ಕರೆದೊಯ್ಯಲು ಗೇಟಿಗೆ ಜೀಪು ಬಂದಿತ್ತು. ನಾನು ಕೈಕುಲುಕಿ, ಹಲ್ಲು ಬಿಟ್ಟು, ಬಸ್ ಹಿಡಿದೆ.

"ಕುರ್ಚಿ ಸಿಕ್ತಲ್ರಿ, ಇನ್ಯಾಕ ಮಾರಿ ಸಣ್ಣದು?" ಎಂದಳು ಹೆಂಡತಿ.

"ಯಾವ ಊರಿಗೆ ಅಂತ ನನಗೂ ಹೇಳ್ಲಿಲ್ಲ ಅಂವ."

"ನಿಮಗ ಹೇಳಿದ್ರ ಬಸ್ ಸ್ಟ್ಯಾಂಡಿನ ಮಂದಿಗೆಲ್ಲ ಹೇಳಿದಂಗ. ಅಷ್ಟು ಗೊತ್ತಿಲ್ಲೇನು ಅವರಿಗೆ?"

ಖರೆ ಅನ್ನಿಸಿತು. ಅದಕ್ಕೇ ಇನ್ನಷ್ಟು ಉರಿಯಿತು.