ಕಾಶಿಯಲ್ಲಿ ಬಿಟ್ಟ ಬೀಡಿ

ಕೆಳಗೆ ವಾಚ್‌ಮನ್ ಬೀಡಿ ಹಚ್ಚಿದ. ಸುಟ್ಟ ಎಲೆಯ ಘಾಟು ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಬರೋಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವ್ವನೂ ಬಂದಳು...

ಅರವತ್ತರ ದಶಕ. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಆಲ್ಕಾಪುರಿಯಲ್ಲಿ ಬಾಡಿಗೆ ಮನೆ. ಪಕ್ಕದಲ್ಲಿ ನಿಪ್ಪಾಣಿ ಕಡೆಯ ಬ್ಯಾಂಕಿನ ಸಾಹೇಬರು. ಈ ಅವ್ವ ಅವರ ತಾಯಿ. ತಂಬಾಕಿನ ವಖಾರಿಯಲ್ಲಿ ಕೂಲಿ ಮಾಡಿ, ಎಲೆಯ ಧೂಳು ಕುಡಿದು ಮಗನನ್ನು ಓದಿಸಿದವಳು. ಗುಜರಾತಿ ಬಾರದು, ಹಿಂದಿಯೂ ಅಷ್ಟೆ. ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತು ಒಂದು ಬೀಡಿ ಸೇದಿದರೆ ಅವಳಿಗೆ ಊರಿಗೆ ಹೋಗಿಬಂದಷ್ಟು ಸುಖ.

ಮಗನಿಗೆ ಅದೇ ಮರ್ಯಾದೆಯ ಪ್ರಶ್ನೆ. ಆಚೀಚೆ ಈರುಳ್ಳಿಯನ್ನೂ ಮುಟ್ಟದ ಜನ. ಅವರೆದುರು ಸಾಹೇಬರ ತಾಯಿ ಬೀಡಿ ಸೇದುವುದೇ? ಸಾಹೇಬರು ಮಾತ್ರ ವರಾಂಡದಲ್ಲಿ ಕಾಲ ಮೇಲೆ ಕಾಲು ಹಾಕಿ ಸಿಗರೇಟು ಎಳೆಯುತ್ತಿದ್ದರು. "ನಂದು ನಾರತೈತಿ, ನಿಂದು ಘಮ್ಮಂತೈತೇನೋ?" ಎಂದು ಅವ್ವ ಒಮ್ಮೆ ಕೇಳಿದ್ದು ನಮ್ಮ ಮನೆಗೂ ಕೇಳಿಸಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ.

ಕಾಶಿಗೆ ಹೋದವರು ಪ್ರೀತಿಯದೊಂದನ್ನು ಬಿಟ್ಟು ಬರಬೇಕಲ್ಲ. ನಮ್ಮವರು ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ಅವ್ವನಿಗೆ ಈ ಪದ್ಧತಿಯೇ ಗೊತ್ತಿರಲಿಲ್ಲ. ಮಗ ಅವಳನ್ನು ಕಾಶಿಗೆ ಕರೆದೊಯ್ದ. (ಇನ್ನು ಅವನಿಗೆ ಬಹುವಚನ ಸಾಕು.) ಏನು ಬಿಡುತ್ತೀ ಎಂದು ಪೂಜೆ ಮಾಡಿಸುವ ಪಂಡಾ ಹಿಂದಿಯಲ್ಲಿ ಕೇಳಿದ. ಮಗ ಕನ್ನಡಕ್ಕೆ ತಂದದ್ದು ಅರ್ಧ ಮಾತ್ರ: "ನಿನಗ ಭಾಳ ಪ್ರೀತಿದು ಏನಂತ ಕೇಳ್ತಾರ, ಹೇಳವ್ವ." ದೇವರ ಮುಂದೆ ಸುಳ್ಳೇಕೆಂದು ಅವಳು "ಬೀಡಿ" ಅಂದಳು. ಅಷ್ಟೇ. ಬೀಡಿ ಬಿಟ್ಟೆನೆಂದು ಮಗ ಅವಳ ಕೈಯಿಂದ ನೀರು ಬಿಡಿಸಿ, ಸಂಚಿಯಲ್ಲಿದ್ದ ಕಟ್ಟನ್ನು ಗಂಗೆಗೆ ಎಸೆದ. ಇದನ್ನು ಅವಳೇ ನನಗೆ ಹೇಳಿದಳು.

ತಾಯಿಗೆ ಚಟ ಬಿಡಿಸಿದ ಮಗನೆಂದು ಬರೋಡದ ಕನ್ನಡದವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. ಅವ್ವ ಅದೇ ಕಲ್ಲಿನ ಮೇಲೆ ಕೂತು, ಬರಿಬೆರಳು ತುಟಿಗೆ ಹಿಡಿದುಕೊಂಡು...

ಮರುವರ್ಷ ಹಾಸಿಗೆ ಹಿಡಿದಳು. ಕೇಳಿದ್ದು ಕೊಡಿ ಎಂದು ಡಾಕ್ಟರೇ ಕೈಚೆಲ್ಲಿದ್ದರು. ಅವಳು ಕೇಳಿದ್ದು ಒಂದು ದಮ್ಮು. "ಕೊಟ್ಟುಬಿಡಿ, ಪುಣ್ಯ ಬರುತ್ತೆ" ಎಂದೆ.

"ಕಾಶಿಯೊಳಗ ಬಿಟ್ಟದ್ದು ಮುಟ್ಟಿದ್ರ ನರಕ ಅಲ್ರೀ ವೈನಿ?" ಎಂದು ಮಗ ಅವಳ ಬಾಯಿಗೆ ಒಂದು ಚಮಚ ಗಂಗೆ ಹಾಕಿದ. ಆಮೇಲೆ ವರಾಂಡಕ್ಕೆ ಹೋಗಿ ಸಿಗರೇಟು ಹಚ್ಚಿದ. ಅವ್ವ ಆ ಹೊಗೆ ಬರುವ ಬಾಗಿಲ ಕಡೆ ಮುಖ ತಿರುಗಿಸಿದಳು. ಹಾಗೆಯೇ ಹೋದಳು.

ಹತ್ತನೆಯ ದಿನ ಹೊಳೆದಂಡೆಯಲ್ಲಿ ಪಿಂಡವನ್ನು ಕಾಗೆ ಮುಟ್ಟಲಿಲ್ಲವಂತೆ. ಅವ್ವನಿಗೆ ಇಷ್ಟವಾದದ್ದನ್ನು ಇಡಿ ಎಂದು ನನ್ನ ಗಂಡ ಹೇಳಿದರಂತೆ. ಬ್ಯಾಂಕಿನವರೆದುರು ಬೀಡಿ ತರಿಸಲು ಮಗನಿಗೆ ನಾಚಿಕೆ. ಜೇಬಿನಿಂದ ತನ್ನದೇ ಸಿಗರೇಟು ತೆಗೆದಿಟ್ಟ. ಕಾಗೆ ಹತ್ತಿರ ಸುಳಿಯಲಿಲ್ಲ. ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ, ಪಿಂಡಕ್ಕೆ ಮುಟ್ಟಿಸಿ ಮುಗಿಸಿದರು.

ಘಾಟಿಗೆ ಕೆಮ್ಮುತ್ತ ನನ್ನ ಸೊಸೆ ಕಿಟಕಿ ಮುಚ್ಚಲು ಬಂದಳು. "ಇರಲಿ ಬಿಡೇ" ಎಂದೆ. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಈ ಹೊಗೆಯಿಂದ ಅವಳಿಗೇನೂ ಸಿಗುವುದಿಲ್ಲ, ಗೊತ್ತು. ಆದರೂ ಕೆಳಗೆ ವಾಚ್‌ಮನ್‌ನ ಬೀಡಿ ಮುಗಿಯುವವರೆಗೆ ಕಿಟಕಿ ತೆರೆದೇ ಇತ್ತು.