ಬಾವಿಕಟ್ಟೆಯ ಒಂಬತ್ತು ಕಲ್ಲು

ನಮ್ಮ ಮನೆಯವರು, ರಮಾನಂದ, ಹೊನ್ನಾವರದ ಕಡೆ ಪೋಸ್ಟ್‌ಮನ್ ಆಗಿದ್ದರು. ಓದು ಬಾರದವರಿಗೆ ಕಾಗದ ಓದಿ ಹೇಳುವುದೂ ಅವರೇ. ಕೆಟ್ಟ ಸುದ್ದಿಯಾದರೆ ಮೊದಲು ಆ ಮನೆಯವರಿಂದಲೇ ನೀರು ತರಿಸಿ, ಅವರಿಗೇ ಕುಡಿಸಿ, ಆಮೇಲೆ ಓದುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಇದೆಲ್ಲ ಹೆಮ್ಮೆ. ಬರಬರುತ್ತಾ ಮೈ ಉರಿಯತೊಡಗಿತು. ಯಾರು ಏನು ಕೇಳಿದರೂ ಈ ಮಾರಾಯರ ಬಾಯಲ್ಲಿ ಒಂದೇ ಮಾತು: "ಆತು, ತಗಂಡು ಹೋಗಿ."

೧೯೬೧ರ ಬೇಸಿಗೆಯಲ್ಲಿ ಪಕ್ಕದ ಮನೆಯ ಅಣ್ಣಪ್ಪನಿಗೂ ಹಾಗೇ ಅಂದರು. ಅವನ ತಂಗಿಯ ಮದುವೆ. ಅಡುಗೆಗೆ ಮೂರು ದೊಡ್ಡ ಒಲೆ ಹೂಡಬೇಕು, ಕಲ್ಲಿಲ್ಲ. ನಮ್ಮ ಬಾವಿಕಟ್ಟೆಯೋ, ಗಾರೆಯಿಲ್ಲದೆ ಚಿರೆಕಲ್ಲು ಪೇರಿಸಿದ್ದು. ಒಂದು ಬದಿಯಿಂದ ಒಂಬತ್ತು ಕಲ್ಲು ಕಿತ್ತುಕೊಂಡು, "ಮದುವೆ ಮುಗಿದ ಮಾರನೇ ದಿನವೇ ತಂದಿಡ್ತೇನೆ ರಮಾನಂದಣ್ಣ" ಅಂದ.

ಮದುವೆ ಮುಗಿಯಿತು. ಮಸಿ ಹಿಡಿದ ಕಲ್ಲುಗಳನ್ನು ಅಣ್ಣಪ್ಪ ನಮ್ಮ ಬೇಲಿಯ ಒಳಗಿನ ತನಕ ತಂದು ರಾಶಿ ಹಾಕಿದ. ಬಾವಿಯ ತನಕ ಮಾತ್ರ ತರಲಿಲ್ಲ. ನಾಳೆ ನಾಳೆ ಅಂತ ಎಂಟು ದಿನ ಹೋಯಿತು.

ಅವನ ಹೆಂಡತಿ ದೇವಿ ಮದುವೆಗೆ ಇರಲಿಲ್ಲ. ಎರಡನೇ ಹೆರಿಗೆಗೆ ಕುಮಟೆಯ ತವರಿಗೆ ಹೋಗಿದ್ದಳು. ಒಂಬತ್ತನೇ ದಿನ ಸಂಜೆ ಹೆಣ್ಣುಕೂಸನ್ನು ಎತ್ತಿಕೊಂಡು, ಮೂರು ವರ್ಷದ ಜಟ್ಟನ ಕೈ ಹಿಡಿದುಕೊಂಡು ಬಂದಳು. ಮರುದಿನ ಬೆಳಿಗ್ಗೆ ಜಟ್ಟ ಕಲ್ಲು ಕಿತ್ತ ಬದಿಯಿಂದ ನಮ್ಮ ಬಾವಿಗೆ ಬಿದ್ದು ಸತ್ತುಹೋದ. ಅಯ್ಯೋ, ಆ ಬೆಳಗನ್ನು ಹೇಗೆ ಹೇಳಲಿ.

ಪಂಚನಾಮೆಗೆ ಬಂದ ಪೊಲೀಸ್ ಪಾಟೀಲರು ಕಲ್ಲು ತೆಗೆದವರು ಯಾರೆಂದು ಕೇಳಿದರು. ದೇವಿ ಎದೆ ಬಡಿದುಕೊಂಡು ಅದನ್ನೇ ಕೂಗುತ್ತಿದ್ದಳು: "ಕಟ್ಟೆ ಕಿತ್ತವ ಯಾರು ಹೇಳ್ರೋ! ಅವನ ಮನೆ ಹಾಳಾಗ್ಲಿ!"

ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಣ್ಣಪ್ಪ ತಲೆಯೆತ್ತಿ ಬಾಯಿ ತೆರೆದ. ಅಷ್ಟರಲ್ಲಿ ಇವರು ಮುಂದೆ ಬಂದು, "ನಾನೇ ತೆಗೆದದ್ದು. ಹೊಸ ಕಟ್ಟೆ ಕಟ್ಟುವ ಅಂತಿದ್ದೆ" ಅಂದುಬಿಟ್ಟರು.

ಪಂಚರೆಲ್ಲ ಆ ಮದುವೆಯಲ್ಲಿ ಉಂಡವರೇ. ಒಬ್ಬರೂ ತುಟಿ ಬಿಚ್ಚದೆ ಸಹಿ ಹಾಕಿದರು. ಊರಿಗೆಲ್ಲ ನಿಜ ಗೊತ್ತಿತ್ತು, ದೇವಿಯೊಬ್ಬಳಿಗೆ ಬಿಟ್ಟು.

ಕೇಸು ನಡೆದು ಇವರಿಗೆ ದಂಡವಾಯಿತು. ನಾಲ್ಕು ತಿಂಗಳು ಕೆಲಸದಿಂದಲೂ ಹೊರಗಿಟ್ಟರು. ನಾನು ಚೆಂಬು ಕುಕ್ಕಿ, "ನಿಮಗೆ ಎಂತ ಮರ್ಲು ಹಿಡಿದದೆ? ಕಿತ್ತವ ಅವ, ಬೈಗುಳ ನಿಮಗಾ?" ಎಂದು ಕೂಗಾಡಿದೆ.

"ಗಂಡನ ಕೈಯಿಂದಲೇ ಮಗ ಹೋದ ಅಂತ ಗೊತ್ತಾದ್ರೆ ಅವಳು ಆ ಮನೇಲಿ ಬದುಕ್ತಾಳೇನೆ, ಮೂಕಾಂಬಿಕಾ?" ಎಂದರು. ಮಗು ಹೋದ ಮೇಲೆ ತವರಿನವರು ದೇವಿಯನ್ನು ಕುಮಟೆಗೆ ಕರೆದುಕೊಂಡು ಹೋಗಿದ್ದಾಗ ಒಂಬತ್ತೂ ಕಲ್ಲನ್ನು ತಾವೇ ಹೊತ್ತು ತಂದು, ಮಸಿಯ ಮುಖ ಕೆಳಗೆ ಮಾಡಿ, ಗಾರೆ ಹಾಕಿ ಕಟ್ಟಿದರು.

ಆರು ವರ್ಷ ದೇವಿ ಇವರ ಮುಖ ನೋಡಲಿಲ್ಲ. ತವರಿನ ಕಾಗದ ಬಂದರೂ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಇವರು ತುಳಸಿಕಟ್ಟೆಯ ಮೇಲೆ ಇಟ್ಟು ಬರಬೇಕು. ನನ್ನ ನಾಲಿಗೆಯ ತುದಿಗೆ ಎಷ್ಟು ಸಲ ನಿಜ ಬಂದಿತ್ತೋ! ಇವರ ಮುಖ ನೋಡಿ ನುಂಗಿಕೊಂಡೆ.

೧೯೬೭ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಟ್ಟೆಯ ಆ ಬದಿ ಧಡಾರನೆ ಕುಸಿಯಿತು. ಸದ್ದು ಕೇಳಿ, ತನ್ನ ಮಗಳೆಲ್ಲಿ ಎಂದು ದೇವಿ ಕಿರುಚುತ್ತಾ ಓಡಿ ಬಂದಳು. ಮಗಳು ಅಮ್ಮನ ಕಣ್ಣು ತಪ್ಪಿಸಿ ಬಂದು ನಮ್ಮ ಜಗಲಿಯಲ್ಲೇ ಇದ್ದಳು. ಉಸಿರು ಬಿಟ್ಟು ದೇವಿ ಕೆಳಗೆ ನೋಡಿದಳು. ಮಗುಚಿ ಬಿದ್ದ ಕಲ್ಲುಗಳ ಗಾರೆ ಉದುರಿ, ಮಸಿ ಕಾಣುತ್ತಿತ್ತು.

"ಇದು ಒಲೆ ಕಲ್ಲಲ್ವಾ?" ಎಂದು ಒಂದನ್ನು ಮುಟ್ಟಿದಳು. "ನಿಮ್ಮ ಮನೇಲಿ ಯಾವ ಮದುವೆನೂ ಆಗ್ಲಿಲ್ಲವಲ್ಲ..."

ಇವರು ಬಗ್ಗಿ ಆ ಕಲ್ಲನ್ನು ಮಗುಚಲು ಹೋದರು. ಅವಳು ತನ್ನ ಮನೆಯ ಕಡೆ ನೋಡಿದಳು, ಕಲ್ಲು ನೋಡಿದಳು, ಅಲ್ಲೇ ಕುಸಿದು ಕೂತಳು.

"ರಮಾನಂದಣ್ಣ, ಆರು ವರ್ಷ ನಿಮ್ಮ ಮನೆಗೆ ಶಾಪ ಹಾಕಿದೆ."

"ತಪ್ಪೇನಿಲ್ಲ ತಂಗಿ. ಕಲ್ಲು ಯಾರೇ ತೆಗೀಲಿ, ಬಾವಿ ನಂದು. ಎಂಟು ದಿನ ಆ ಕಂಡಿ ನೋಡ್ತಾನೇ ಓಡಾಡಿದೆ. ಒಂದು ಹಲಗೆನಾದ್ರೂ ಅಡ್ಡ ಇಡಲಿಲ್ಲ."

ಪಂಚನಾಮೆಯ ದಿನ ಇವರು ಹೇಳಿದ್ದನ್ನು ಇಷ್ಟು ವರ್ಷ ನಾನು ಬರೀ ಸುಳ್ಳುಸಾಕ್ಷಿ ಅಂದುಕೊಂಡಿದ್ದೆ. ಕಲ್ಲಿಲ್ಲದ ಆ ಕಡೆಯಿಂದ ಕೊಡ ಎತ್ತುವುದು ಸುಲಭವೆಂದು ಎಂಟು ದಿನವೂ ಅಲ್ಲೇ ನೀರು ಸೇದಿದವಳು ನಾನು. ನನಗೆ ತಲೆಯೆತ್ತಲಾಗಲಿಲ್ಲ.

ದೇವಿ ಬಹಳ ಹೊತ್ತು ಅತ್ತಳು. ಅಣ್ಣಪ್ಪ ಆ ದಿನ ಕೆಲಸಕ್ಕೆಂದು ಭಟ್ಕಳಕ್ಕೆ ಹೋಗಿದ್ದ, ಸಂಜೆಯ ಬಸ್ಸಿಗೆ ಬರುವವನು. ಕಡೆಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಕಲ್ಲೆತ್ತಿ, ಮಸಿಯ ಮುಖ ಕೆಳಗೆ ಮಾಡಿ ಇಟ್ಟಳು.

"ಅಕ್ಕಾ, ನೀವೂ ಒಂದು ಕೈ ಹಿಡೀರಿ. ಅವರು ಬರೂದ್ರೊಳಗೆ ಕಟ್ಟಿಬಿಡುವ. ನನಗೆ ಗೊತ್ತಾತು ಅಂತ ಅವರಿಗೆ ಗೊತ್ತಾಗೂದು ಬೇಡ."